ಕಿರುಬೆರಳಿನ ಗೆರೆ

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿಗೆ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಎಂಟನೇ ಕ್ಲಾಸಿಗೆ ಬೆರಳಚ್ಚಿನ ಚಟುವಟಿಕೆ ಮಾಡಿಸುವುದೆಂದರೆ ನನಗೆ ತುಂಬಾ ಇಷ್ಟ.

ಅವತ್ತು ಮೊದಲು ಎಲ್ಲರ ಬೆರಳಚ್ಚನ್ನೂ ಸ್ಟ್ಯಾಂಪ್ ಪ್ಯಾಡಿನಿಂದ ಹಾಳೆಗೆ ಒತ್ತಿಸಿದೆವು. ಆಮೇಲೆ ಅರ್ಧ ಜನ ಹೊರಗೆ ಹೋದರು. ಒಳಗಿದ್ದವರಲ್ಲಿ ಒಬ್ಬರು ತೊಳೆದು ಒರೆಸಿದ ಸ್ಟೀಲ್ ಲೋಟ ಹಿಡಿದು ಇಟ್ಟರು. ಹೊರಗಿನವರು ಬಂದು ಅದಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಮೆತ್ತನೆ ಬ್ರಷ್ ಆಡಿಸಿ, ಟೇಪಿನಿಂದ ಅಚ್ಚು ಎತ್ತಿ ಕಪ್ಪು ಹಾಳೆಗೆ ಅಂಟಿಸಿದರು. ಗೆರೆಗಳ ಆಕಾರ ಶಂಖವೋ ಚಕ್ರವೋ ಅಂತ ನೋಡಿದರೆ ಸಾಲದು. ಶಂಖದಂಥ ಲೂಪ್ 100 ಬೆರಳಿನಲ್ಲಿ 60ಕ್ಕೂ ಜಾಸ್ತಿ ಸಿಗುತ್ತದೆ. ಗೆರೆ ಎಲ್ಲಿ ಕವಲೊಡೆಯಿತು, ಎಲ್ಲಿ ನಿಂತಿತು ಅಂತ ಲೆನ್ಸ್ ಹಿಡಿದು ಹುಡುಕಬೇಕು. ಮಕ್ಕಳು ಹುಡುಕಿದರು, ಲೋಟ ಹಿಡಿದವನನ್ನು ಹಿಡಿದೂ ಬಿಟ್ಟರು.

ಈ ವಿದ್ಯೆ ಬೆಳೆದದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸುವ ಲೆಕ್ಕಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಇದನ್ನು ನಾನು ಒತ್ತಿಯೇ ಹೇಳುತ್ತೇನೆ.

ಮನೆಯವರ ಹೆಬ್ಬೆರಳಿನ ಅಚ್ಚು ತನ್ನಿ ಅಂತ ಮನೆಕೆಲಸ ಕೊಟ್ಟಿದ್ದೆ. ಒಬ್ಬ ಹುಡುಗಿಯ ಹಾಳೆಯಲ್ಲಿ ಅಮ್ಮನ ಅಚ್ಚಿನ ಜಾಗದಲ್ಲಿ ಬರೀ ಕಪ್ಪು ಕಲೆ. "ಶಾಯಿ ಜಾಸ್ತಿ ಆಗ್ಲಿಲ್ಲ ಅಕ್ಕೋರೆ. ಅಮ್ಮನ ಬೆರಳೇ ಹಂಗೆ. ರೇಷನ್ ಅಂಗಡಿ ಮಷೀನೂ ಹಿಡಿಯೂದಿಲ್ಲ" ಅಂದಳು.

ಅವಳ ಅಮ್ಮ ಬಳಚು, ಅಂದರೆ ಹೊಳೆಯ ಚಿಪ್ಪುಮೀನು, ಹೆಕ್ಕುವವರು. ಇಳಿತದ ಹೊತ್ತಿಗೆ ಹೊಳೆಗಿಳಿದು ಮರಳು ಕೆದಕುವುದು, ಮನೆಗೆ ಬಂದು ಚಿಪ್ಪು ಬಿಡಿಸುವುದು. ಉಪ್ಪುನೀರು, ಮರಳು, ಚಿಪ್ಪಿನ ಅಂಚು ಸೇರಿ ಬೆರಳ ಗೆರೆಯನ್ನೇ ಸವೆಸಿದ್ದವು. ಅಷ್ಟು ದುಡಿದ ಕೈಗೆ ಅಕ್ಕಿ ಸಿಗದೆ ವಾಪಸ್ ಬರುವುದು ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಗೆರೆಗಳ ವಿನ್ಯಾಸ ತಾಯಿಯ ಹೊಟ್ಟೆಯಲ್ಲಿ ಸುಮಾರು ಆರು ತಿಂಗಳಾಗುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅದರ ಬೇರು ಚರ್ಮದ ಒಳಪದರದಲ್ಲಿರುತ್ತದೆ. ಹಾಗಾಗಿ ಮೇಲ್ಪದರ ಸವೆದರೂ, ಕೈಗೆ ವಿಶ್ರಾಂತಿ ಸಿಕ್ಕರೆ ಅದೇ ಗೆರೆ ಮತ್ತೆ ಮೂಡುತ್ತದೆ. ಆದರೆ ಇಳಿತ ದಿನಾ ಬರುತ್ತದಲ್ವಾ?

"ಹತ್ತೂ ಬೆರಳಿನ ಅಚ್ಚು ತಗೊಂಡು ಬಾ" ಅಂದೆ. ಮರುದಿನ ಇಡೀ ಕ್ಲಾಸು ಆ ಹಾಳೆಯ ಮೇಲೆ ಬಗ್ಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಸುಕು. ಚಿಪ್ಪು ಹಿಡಿಯುವುದು ಇವುಗಳಿಂದಲೇ. ಎಡಗೈ ಕಿರುಬೆರಳಿನಲ್ಲಿ ಮಾತ್ರ ಲೂಪು, ಕವಲು ಎಲ್ಲ ಸ್ಪಷ್ಟ! ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ, ಹೆಬ್ಬೆರಳೇ ಆಗಬೇಕೆಂದಿಲ್ಲ. ಅಮ್ಮನಿಗೆ ಹೇಳು ಅಂತ ಕಳಿಸಿದೆ.

ಮುಂದಿನ ತಿಂಗಳು ಹುಡುಗಿ ಸ್ಟಾಫ್ ರೂಮಿಗೇ ಓಡಿ ಬಂದಳು. "ಹಿಡೀತು ಅಕ್ಕೋರೆ!"

ಈಗ ಮನೆಕೆಲಸ ಕೊಡುವಾಗ ಎಲ್ಲರಿಗೂ ಹತ್ತೂ ಬೆರಳು ತರಲು ಹೇಳುತ್ತೇನೆ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರದ್ದು ಮೊದಲು.