ಕೈಮೇಲೆ ಬದನೆಕಾಯಿ ಏಕೆ?

ಕಲಬುರಗಿಯ ಬಿಸಿಲಿಗೆ ಅರ್ಧ ತೋಳಿನ ಅಂಗಿ ತೊಟ್ಟು ಹೊರಬಿದ್ದರೆ ಸಾಕು, ಯಾರಾದರೊಬ್ಬರು ನನ್ನ ಮೊಣಕೈ ಕೆಳಗಿನ ಹಚ್ಚೆಯನ್ನು ನೋಡಿ ಕೇಳುತ್ತಾರೆ: "ದೇವರಿದ್ದ, ಹುಲಿಯಿತ್ತು, ಹೋಗಲಿ, ಹೆಂಡತಿಯ ಹೆಸರಾದರೂ ಇತ್ತು. ಬದನೆಕಾಯಿ ಏಕೆ?" ಮೊಬೈಲಿನ ಬದನೆಕಾಯಿ ಚಿತ್ರಕ್ಕಿರುವ ಇನ್ನೊಂದು ಅರ್ಥ ಗೊತ್ತಿರುವ ಹುಡುಗರು ಕೇಳುವುದಿಲ್ಲ, ಸುಮ್ಮನೆ ನಗುತ್ತಾರೆ. ಅವರಿಗೆ ಉತ್ತರ ಕೊಡಲಾರೆ.

ನನಗೆ ಎಣ್ಣೆಗಾಯಿ ಎಂದರೆ ಪ್ರಾಣ, ಅಷ್ಟೇ. ಆದರೆ ಬದನೆಕಾಯಿಯನ್ನು ಇದ್ದ ಹಾಗೆಯೇ ಬರೆಸಿದ್ದರೆ ಅದು ಕೃಷಿ ಇಲಾಖೆಯ ಕರಪತ್ರವಾಗುತ್ತಿತ್ತು. ಬಡಪಾಯಿ ತರಕಾರಿಗೆ ರಾಜಮರ್ಯಾದೆ ಸಲ್ಲಬೇಕು, ಆಗಲೇ ನಗು ಬರುವುದು. ಅದಕ್ಕಾಗಿ ಎರಡು ಶೈಲಿಗಳನ್ನು ಬೆರೆಸಿದೆವು. ಹೊರಗೆರೆ ಅಮೆರಿಕದ ನಾವಿಕರದು: ಕಪ್ಪು ದಪ್ಪ ಗೆರೆ, ಕೆಂಪು, ಹಳದಿ, ಹಸಿರಿನಂಥ ಕೆಲವೇ ಬಣ್ಣ, ಕೆಳಗೊಂದು ರಿಬ್ಬನ್. ಹೊನೊಲುಲುವಿನಲ್ಲಿ ಸೇಲರ್ ಜೆರ್ರಿ ಎಂದೇ ಹೆಸರಾಗಿದ್ದ ನಾರ್ಮನ್ ಕಾಲಿನ್ಸ್ ಹಡಗಿನ ಹುಡುಗರ ತೋಳುಗಳಿಗೆ ಹಾಕುತ್ತಿದ್ದ ಬಗೆ. ಕಾಯಿಯ ಮೈ ಮಾತ್ರ ನಮ್ಮ ಪಕ್ಕದ ಬೀದರಿನದು. ಬಿದರಿ ಹೂಜಿಯಲ್ಲಿ ಸತು, ತಾಮ್ರದ ಮೈಯನ್ನು ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರು ತಾಗಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ನನ್ನ ಕೈಯಲ್ಲಿ ಬೆಳ್ಳಿ ಎಲ್ಲಿಂದ ಬರಬೇಕು? ಹೂಬಳ್ಳಿಯ ಜಾಗವನ್ನು ಬಿಟ್ಟು ಸುತ್ತಲೂ ಕಪ್ಪು ತುಂಬಿದರು. ಬೆಳ್ಳಿಯ ಬದಲು ನನ್ನದೇ ಕಂದು ಚರ್ಮ!

ಹಚ್ಚೆ ಹಾಕುವವನು ಹೊರಗಿನ ಊರಿನ ಹುಡುಗ. ಮೊದಲು ಉದ್ದ ಬದನೆಕಾಯಿ ಬರೆದು ತೋರಿಸಿದ. ನಾನು ಅವನನ್ನು ಸೂಪರ್ ಮಾರ್ಕೆಟ್ ಎಂದೇ ಕರೆಯುವ ನಮ್ಮೂರ ತರಕಾರಿ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಮುಷ್ಟಿಯಲ್ಲಿ ಹಿಡಿಯುವಂಥ ಗುಂಡು ಕಾಯಿ ಆರಿಸತೊಡಗಿದೆ. ಅವನು ಒಂದೊಂದನ್ನೂ ತಿರುಗಿಸಿ ಫೋಟೊ ತೆಗೆಯುತ್ತಿದ್ದ. "ತಮ್ಮಾ, ಕಾಯಿ ಕೊಳ್ಳುತ್ತೀರೋ, ಹೆಣ್ಣು ನೋಡಲು ಬಂದಿದ್ದೀರೋ?" ಎಂದಳು ಮಾರುವ ಅವ್ವ. ಅರ್ಧ ಕಿಲೋ ಕೊಂಡು, ಮನೆಯಲ್ಲಿ ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ ತುಂಬಿ ತೋರಿಸಿದೆ. ಎರಡು ರೊಟ್ಟಿ ತಿಂದ ಮೇಲೆ ಅವನ ಚಿತ್ರ ಸರಿಯಾಯಿತು. ಸೀಳಿನಿಂದ ಇಣುಕುವ ಕೆಂಪು ಮಸಾಲೆ ಅಂದು ಸೇರಿದ್ದು.

ನಾವಿಕರು ರಿಬ್ಬನ್ನಿನಲ್ಲಿ ತಾಯಿಯ ಹೆಸರು ಬರೆಸುತ್ತಿದ್ದರು. ನಾನು "ಪುಸ್ತಕದ್ದಲ್ಲ" ಎಂದು ಬರೆಸಿದೆ. ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಎಂದು ಕೇಳಿ ಬೆಳೆದವನಿಗೆ ಇದಕ್ಕಿಂತ ಒಳ್ಳೆಯ ಮಾತು ಹೊಳೆಯಲಿಲ್ಲ. ಮೂರು ಒತ್ತಕ್ಷರಗಳನ್ನು ನೋಡಿ ಹುಡುಗ ಎಚ್ಚರಿಸಿದ್ದ: ಚರ್ಮದೊಳಗಿನ ಜೀವಕೋಶಗಳು ಶಾಯಿಯನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ, ವರ್ಷ ಕಳೆದಂತೆ ಗೆರೆ ಹರಡುತ್ತದೆ, ಸಣ್ಣ ಅಕ್ಷರ ಬೇಡ. ನಾನು ಕೇಳಲಿಲ್ಲ.

ಈಗ ದಪ್ಪ ಗೆರೆಯ ಕಾಯಿ ಗಟ್ಟಿಯಾಗಿ ಕುಳಿತಿದೆ. ರಿಬ್ಬನ್ನಿನಲ್ಲಿ ಮಾತ್ರ "ದ"ದ ಒತ್ತು ಮುಚ್ಚಿ ಚುಕ್ಕೆಯಾಗಿದೆ, ಕೊನೆಯ ಅಕ್ಷರದ ತಲೆಕಟ್ಟು ಊದಿ ಗುಡಿಸಿನಂತೆ ಕಾಣುತ್ತದೆ. ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನ ಶಾಲಾ ಹುಡುಗಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು: "ಪುಸ್ತಕದಲ್ಲಿ."