ಮಾಸ್ತರ್ ಕಲಿಸಿದ ಅಂಟಾರ್ಕ್ಟಿಕಾ

ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರಿಗೆ ಅಂಟಾರ್ಕ್ಟಿಕಾದ ಹುಚ್ಚು ಹಿಡಿದದ್ದು 1982ರ ಜನವರಿಯಲ್ಲಂತೆ. ಆ ತಿಂಗಳ 9ರಂದು ಭಾರತದ ಮೊದಲ ತಂಡ ಅಲ್ಲಿ ಕಾಲಿಟ್ಟಿತು. ಡಾ. ಎಸ್. ಝಡ್. ಖಾಸಿಂ ಅವರ ಮುಂದಾಳತ್ವ, 21 ಜನ, ನಾರ್ವೆಯವರಿಂದ ಬಾಡಿಗೆಗೆ ಪಡೆದ ‘ಪೋಲಾರ್ ಸರ್ಕಲ್’ ಹಡಗು. ಹೊರಟದ್ದು 1981ರ ಡಿಸೆಂಬರ್ 6ಕ್ಕೆ ಗೋವಾದಿಂದ, ಹೊರಗೆ ಯಾರಿಗೂ ಸುದ್ದಿ ಬಿಡದೆ. ಮಾಸ್ತರಿಗೆ ಈ ಗೋವಾ ಅನ್ನೋದೇ ದೊಡ್ಡ ವಿಷಯ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ವಾಸ್ಕೋ, ಅಲ್ಲಿಂದ ಹಡಗು ಹತ್ತಿ ದಕ್ಷಿಣಕ್ಕೆ ಹೊರಟರೆ ಹೆಚ್ಚುಕಡಿಮೆ ಬರೀ ನೀರು, ಆಮೇಲೆ ಅಂಟಾರ್ಕ್ಟಿಕಾ. “ಅಂದ್ರ ನಮ್ಮೂರಿಂದ ದಾರಿ ಐತಿ” ಅನ್ನುತ್ತಿದ್ದರು. ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1987ರಲ್ಲಿ. ಆ ಮಾತನ್ನು ನಾವೆಲ್ಲ ಪೂರ್ತಿ ನಂಬಿದ್ದೆವು.

ಗೋಡೆ ಮೇಲಿನ ಭೂಪಟದಲ್ಲಿ ಅಂಟಾರ್ಕ್ಟಿಕಾ ಅಂದರೆ ಕೆಳಗೆ ಉದ್ದಕ್ಕೂ ಹಾಸಿದ ಬಿಳಿ ಪಟ್ಟಿ, ಅಷ್ಟೇ. ಮಾಸ್ತರ್ ಗ್ಲೋಬನ್ನೇ ಬುಡಮೇಲು ಮಾಡಿ ಮೇಜಿನ ಮೇಲೆ ಇಟ್ಟರು. ದುಂಡಗಿನ ಖಂಡ, ಭಾರತದಂಥ ನಾಲ್ಕು ದೇಶ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಹಿಮ ಅಂದರೆ ನಮಗೆ ಗೊತ್ತಿದ್ದದ್ದು ಐಸ್‌ಕ್ಯಾಂಡಿ ಡಬ್ಬಿಯೊಳಗಿನದು ಮಾತ್ರ.

ಅವರ ಪಾಠದ ರೀತಿ ಹೀಗೆ. ಮೊದಲು ಕಥೆ ಶುರು ಮಾಡುವುದು. ಕಥೆಯೊಳಗಿನ ಜನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ನಿಲ್ಲಿಸುವುದು. ಆಮೇಲೆ ಚಾಕ್‌ಪೀಸ್ ಕೆಳಗಿಟ್ಟು ನಮ್ಮ ಮುಖ ನೋಡುತ್ತಾ ನಿಂತುಬಿಡುವುದು. ಬೆಲ್ ಹೊಡೆದರೂ ಉತ್ತರ ಹೇಳುತ್ತಿರಲಿಲ್ಲ. ನಾವು ಮನೆಗೆ ಹೋಗುವ ದಾರಿಯಲ್ಲಿ, ರಾತ್ರಿ ಊಟಕ್ಕೆ ಕೂತಾಗ, ಅದನ್ನೇ ಯೋಚಿಸುತ್ತಿದ್ದೆವು.

ಒಂದು ಕಥೆ ಫ್ರಾಮ್ ಹಡಗಿನದು. ಅದಕ್ಕೂ ಮುಂಚೆ ಜೆನೆಟ್ ಅನ್ನೋ ಅಮೆರಿಕದ ಹಡಗು ಸೈಬೀರಿಯಾದ ಉತ್ತರಕ್ಕೆ ಮಂಜುಗಡ್ಡೆಗೆ ಸಿಕ್ಕಿ 1881ರಲ್ಲಿ ನುಚ್ಚುನೂರಾಗಿತ್ತು. ಮೂರು ವರ್ಷ ಕಳೆದ ಮೇಲೆ ಅದರ ಸಾಮಾನು ಗ್ರೀನ್‌ಲ್ಯಾಂಡಿನ ದಂಡೆಯಲ್ಲಿ ಸಿಕ್ಕಿತು. ಇಲ್ಲಿ ಕಥೆ ನಿಂತಿತು. ಭೂಮಿಯ ತಲೆಯ ಆ ಬದಿಗೆ ಮುಳುಗಿದ ಹಡಗಿನ ಸಾಮಾನು ಈ ಬದಿಗೆ ಹೆಂಗ ಬಂತು? ಯಾರೋ ಹೊತ್ತು ತಂದರು ಅಂದ ಒಬ್ಬ. ಮೀನು ನುಂಗಿತ್ತು ಅಂದ ಇನ್ನೊಬ್ಬ. ಮಾರನೇ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ, “ಸರ್, ಬರ್ಫನ ನಡಕೊಂಡು ಬಂದಿರಬೇಕು” ಅಂದಳು. ಮಾಸ್ತರ್ ಮುಖ ನೋಡಬೇಕಿತ್ತು! ನಾರ್ವೆಯ ಧ್ರುವಯಾತ್ರಿ ನಾನ್ಸೆನ್‌ಗೆ ಹೊಳೆದದ್ದೂ ಅದೇ. ಹಿಮವೇ ಹರಿದು ಬರುತ್ತದೆ ಅನ್ನುವುದಾದರೆ, ಹಡಗನ್ನು ಬೇಕಂತಲೇ ಅದರೊಳಗೆ ಸಿಕ್ಕಿಸಿ ಅದರ ಜೊತೆಗೇ ಯಾಕೆ ಹೋಗಬಾರದು ಅಂತ ಅವರು ಲೆಕ್ಕ ಹಾಕಿದರು.

ಹಾಗಾದರೆ ಈ ಹಡಗು ಒಡೆಯಬಾರದಲ್ಲ? ಮಾಸ್ತರ್ ಜೇಬಿನಿಂದ ಹುಣಸೆ ಬೀಜ ತೆಗೆದು, ನೀರಲ್ಲಿ ಅದ್ದಿ, ಒಬ್ಬೊಬ್ಬರ ಕೈಗೂ ಕೊಟ್ಟರು. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿ ಅಂದರು. ಕ್ಲಾಸ್ ತುಂಬ ಬೀಜಗಳು ಪುಳಕ್ ಪುಳಕ್ ಅಂತ ಹಾರಿದವು. ಫ್ರಾಮ್ ಕಟ್ಟಿದ ಕಾಲಿನ್ ಆರ್ಚರ್ ಹಡಗಿನ ಹೊಟ್ಟೆಯನ್ನು ಹಾಗೇ ದುಂಡಗೆ, ನುಣ್ಣಗೆ ಮಾಡಿದ್ದರು. ಹಿಮ ಎರಡೂ ಕಡೆಯಿಂದ ಒತ್ತಿದಷ್ಟೂ ಹಡಗು ಮೇಲಕ್ಕೆ ಎದ್ದು ಕೂರಬೇಕು, ಹಾಗೆ. 1893ರ ಸೆಪ್ಟೆಂಬರಿನಲ್ಲಿ ಹಿಮಕ್ಕೆ ಸಿಕ್ಕಿದ ಹಡಗು 1896ರ ಆಗಸ್ಟಿನಲ್ಲಿ ಸುರಕ್ಷಿತವಾಗಿ ಹೊರಬಂತು. ಆ ಹಡಗಿನಲ್ಲಿದ್ದಾಗ ನಾನ್ಸೆನ್ ಇನ್ನೊಂದು ಗಮನಿಸಿದ್ದರು. ಗಾಳಿ ಬೀಸುವ ದಿಕ್ಕಿಗೆ ಹಿಮ ನೇರವಾಗಿ ಹೋಗುವುದಿಲ್ಲ, 20ರಿಂದ 40 ಡಿಗ್ರಿ ಬಲಕ್ಕೆ ಓರೆಯಾಗಿ ಸರಿಯುತ್ತದೆ. ಭೂಮಿ ತಿರುಗುವುದರಿಂದ ಹೀಗೆ ಅಂತ ಆಮೇಲೆ ಎಕ್‌ಮನ್ ಅನ್ನುವವರು ಗಣಿತದಲ್ಲಿ ತೋರಿಸಿಕೊಟ್ಟರು. ಬಲ, ಇಳಿಜಾರು, ಘರ್ಷಣೆ, ಭೂಮಿಯ ಚಲನೆ, ಎಲ್ಲ ಒಂದೇ ಹಡಗಿನೊಳಗೆ ಬಂದವು. ಅಂಟಾರ್ಕ್ಟಿಕಾಕ್ಕೆ ಹೊರಟಿದ್ದ ಶ್ಯಾಕಲ್ಟನ್‌ರ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಹಿಮದ ಒತ್ತಡಕ್ಕೆ ಮುರಿದು ಮುಳುಗಿದ್ದನ್ನೂ ಪಕ್ಕದಲ್ಲಿಟ್ಟು ಹೇಳಿದ್ದರು. ಆ ಹಡಗು 2022ರ ಮಾರ್ಚಿನಲ್ಲಿ 3008 ಮೀಟರ್ ಆಳದಲ್ಲಿ ಸಿಕ್ಕಿತಲ್ಲ, ಆ ವಿಡಿಯೋವನ್ನು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೊದಲು ಬಂದ ಉತ್ತರ: “ಹುಣಸೆ ಬೀಜ!”

ಆದರೆ ನನ್ನ ಮನಸ್ಸಿನಲ್ಲಿ ಅತಿ ಆಳಕ್ಕೆ ಇಳಿದದ್ದು ಬ್ರಿಟನ್ನಿನ ಧ್ರುವಯಾತ್ರಿ ಸ್ಕಾಟ್‌ರ ಕಥೆ.

1911ರ ಡಿಸೆಂಬರ್ 14ಕ್ಕೆ ನಾರ್ವೆಯ ಅಮುಂಡ್ಸೆನ್ ದಕ್ಷಿಣ ಧ್ರುವ ಮುಟ್ಟಿದರು. ಸ್ಕಾಟ್ ಮತ್ತು ನಾಲ್ವರು ಸಂಗಾತಿಗಳು ಮುಟ್ಟಿದ್ದು 1912ರ ಜನವರಿ 17ಕ್ಕೆ. ವಾಪಸ್ ಬರುವಾಗ ಎಲ್ಲರೂ ತೀರಿಕೊಂಡರು. ಕೊನೆಯ ಮೂವರು ಟೆಂಟಿನಲ್ಲಿ ಪ್ರಾಣ ಬಿಟ್ಟ ಜಾಗದಿಂದ ಸುಮಾರು 20 ಕಿಲೋಮೀಟರ್ ಮುಂದೆ ಊಟ, ಎಣ್ಣೆ ಎಲ್ಲ ಕೂಡಿಟ್ಟಿದ್ದ ದಾಸ್ತಾನು ಇತ್ತು. ಮಾಸ್ತರ್ ಕೇಳಿದ್ದು ಇಷ್ಟು: “ಸುತ್ತಾ ಬರ್ಫ ಐತಿ. ಆದ್ರೂ ಕುಡಿಯಾಕ ನೀರಿಲ್ಲ. ಯಾಕ ಹೇಳ್ರಿ ನೋಡೋಣ?”

ಮರುದಿನ ಐಸ್‌ಕ್ಯಾಂಡಿಯವನ ಹತ್ತಿರ ಐಸ್ ತಂದು, ಪುಡಿ ಮಾಡಿ, ಅಲ್ಯೂಮಿನಿಯಂ ಪಾತ್ರೆಗೆ ಹಾಕಿ ಸ್ಟೋವ್ ಮೇಲೆ ಇಟ್ಟರು. ಥರ್ಮಾಮೀಟರ್ ಹಿಡಿಯುವ ಕೆಲಸ ನನ್ನದು. ಕೆಳಗೆ ಉರಿ ಭರ್ರೋ ಅಂತ ಉರೀತಿದೆ, ಪಾದರಸ ಸೊನ್ನೆಯ ಹತ್ತಿರ ಕೂತದ್ದು ಏಳುತ್ತಲೇ ಇಲ್ಲ. ಕೊನೆಯ ಚೂರು ಕರಗುವ ತನಕ ಹಾಗೇ ಇತ್ತು, ಆಮೇಲೆ ಸರಸರ ಏರಿತು. ಒಂದು ಗ್ರಾಂ ಮಂಜುಗಡ್ಡೆ ಕರಗಿಸಲು 80 ಕ್ಯಾಲೊರಿ ಬೇಕು, ಅಷ್ಟೇ ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಗುಪ್ತೋಷ್ಣ ಅನ್ನುವ ಪಾಠವನ್ನು ನಾವು ಬಾಯಿಪಾಠ ಮಾಡಲೇ ಇಲ್ಲ. ಸೀಮೆಎಣ್ಣೆ ಇಲ್ಲದಿದ್ದರೆ ಆ ಬಿಳಿ ಬಯಲಿನಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ ಅಂತ ಗೊತ್ತಾದ ಮೇಲೆ ಮರೆಯೋದಾದರೂ ಹೇಗೆ?

ಸರಿ, ಸೀಮೆಎಣ್ಣೆ ಎಲ್ಲಿ ಹೋಯಿತು? ದಾರಿಯುದ್ದಕ್ಕೂ ಡಬ್ಬಿಗಳಲ್ಲಿ ಇಟ್ಟುಕೊಂಡೇ ಹೋಗಿದ್ದರಲ್ಲ? ಮಾಸ್ತರ್ ಅದೇ ಪಂಪ್ ಸ್ಟೋವಿನ ಪಂಪ್ ಬಿಚ್ಚಿ ಕಡ್ಡಿ ಎಳೆದು ತೆಗೆದರು. ತುದಿಯಲ್ಲಿ ಚರ್ಮದ ವಾಷರ್, ಒಣಗಿ ಅಂಚು ಮುದುರಿತ್ತು. ಹಾಗೇ ಹಾಕಿ ಪಂಪ್ ಹೊಡೆದರೆ ಗಾಳಿ ನಿಲ್ಲಲಿಲ್ಲ. ಎರಡು ಹನಿ ಎಣ್ಣೆ ಹಚ್ಚಿ, ಬೆರಳಲ್ಲಿ ತೀಡಿ, ಅಂಚು ಬಿಡಿಸಿ ಹಾಕಿದರು. ನಿಂತಿತು. ಇದು ನಮ್ಮ ಮನೆಗಳಲ್ಲಿ ಅವ್ವಂದಿರು ದಿನಾ ಮಾಡುತ್ತಿದ್ದ ಕೆಲಸವೇ. ಸ್ಕಾಟ್‌ರ ಡಬ್ಬಿಗಳ ಮುಚ್ಚಳದಲ್ಲೂ ಚರ್ಮದ ವಾಷರ್ ಇತ್ತು. ಆ ಚಳಿಗೆ ಅದು ಕೆಟ್ಟು, ಸಂದಿಯಿಂದ ಎಣ್ಣೆ ಆವಿಯಾಗಿ, ಸೋರಿ ಹೋಗಿತ್ತು. ಅಮುಂಡ್ಸೆನ್ ತಮ್ಮ ಡಬ್ಬಿಗಳಿಗೆ ಬೆಸುಗೆ ಹಾಕಿಸಿದ್ದರು. ಐದು ಜನರ ಸಾವಿಗೆ ವಾಷರ್ ಒಂದೇ ಕಾರಣ ಅಲ್ಲ, ಹಸಿವು, ಚಳಿ, ಕೆಟ್ಟ ಹವಾಮಾನ ಎಲ್ಲ ಸೇರಿದ್ದವು, ಅದನ್ನೂ ಮಾಸ್ತರ್ ಬಿಡಿಸಿ ಹೇಳಿದರು. ಆದರೂ ಅವತ್ತು ಕ್ಲಾಸ್ ತಣ್ಣಗೆ ಕೂತಿತ್ತು. ಸಣ್ಣ ಸಾಮಾನಿನ ಮೇಲೆ ನನಗೆ ಇವತ್ತಿಗೂ ಇರುವ ಗೌರವ ಶುರುವಾದದ್ದು ಅಲ್ಲೇ.

ಆ ಟೆಂಟಿನ ಹತ್ತಿರ ಇನ್ನೂ ಒಂದು ಸಿಕ್ಕಿತ್ತು. ಸುಮಾರು 16 ಕಿಲೋ ಕಲ್ಲು. ಕಾಲು ಎಳೆಯಲಾರದ ಸ್ಥಿತಿಯಲ್ಲೂ ಅವರು ಜಾರುಬಂಡಿಯಿಂದ ಅದನ್ನು ಕೆಳಗಿಳಿಸಿರಲಿಲ್ಲ. ಕಲ್ಲಿನೊಳಗೆ ಗ್ಲಾಸಾಪ್ಟೆರಿಸ್ ಅನ್ನುವ ಗಿಡದ ಎಲೆಯ ಅಚ್ಚು. ಅದೇ ಗಿಡದ ಪಳೆಯುಳಿಕೆ ನಮ್ಮ ದೇಶದ ಕಲ್ಲಿದ್ದಲ ಗಣಿಗಳಲ್ಲೂ ಸಿಗುತ್ತದೆ. ಅಂದರೆ ಒಂದು ಕಾಲಕ್ಕೆ ಅಂಟಾರ್ಕ್ಟಿಕಾದಲ್ಲೂ ಕಾಡಿತ್ತು, ಆ ನೆಲವೂ ನಮ್ಮ ನೆಲವೂ ಅಂಟಿಕೊಂಡಿದ್ದವು. ‘ಬರ್ಫ ನಡಕೊಂಡು ಬಂತು’ ಅಂದಿದ್ದ ಹುಡುಗಿ ಇದನ್ನು ಕೇಳಿ ಅಂಗಳದ ಕಲ್ಲೆಲ್ಲ ಆರಿಸಿ ತಂದು ಮಾಸ್ತರ ಮೇಜಿನ ಮೇಲೆ ಸುರಿದಿದ್ದಳು. ಈಗ ಅವಳು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. 1983-84ರ ತಂಡದಲ್ಲಿ ಹೋದ ಸುದೀಪ್ತಾ ಸೇನ್‌ಗುಪ್ತಾ ಭೂವಿಜ್ಞಾನಿ, ಅದಿತಿ ಪಂತ್ ಸಮುದ್ರವಿಜ್ಞಾನಿ, ಭಾರತದ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೋದ ಮೊದಲ ಮಹಿಳೆಯರು ಇವರಿಬ್ಬರು. ಅವರ ಬಗ್ಗೆ ಬಂದ ಪೇಪರ್ ತುಣುಕನ್ನು ಮಾಸ್ತರ್ ಹುಡುಗಿಯರ ಬೆಂಚಿನ ಪಕ್ಕದ ಗೋಡೆಗೇ ಅಂಟಿಸಿದ್ದರು. ಸುಮ್ನೆ ಅಲ್ಲ ಅದು.

ಧ್ರುವದಲ್ಲಿ ಆರು ತಿಂಗಳು ಹಗಲು ಅಂದಾಗ ಎಲ್ಲರೂ ಕೇಳಿದ್ದು, ಹಾಗಾದರೆ ಮಲಗೋದು ಯಾವಾಗ ಸರ್? ಅದಕ್ಕೆ ಉತ್ತರವಾಗಿ ಮುಟ್ಟಿದರೆ ಮುನಿ ಗಿಡದ ಕುಂಡವೊಂದು ಲ್ಯಾಬಿನ ಕಪಾಟಿನೊಳಗೆ ಹೋಯಿತು. ಕತ್ತಲಲ್ಲಿದ್ದರೂ ಹಗಲು ಹೊತ್ತಿಗೆ ಎಲೆ ಬಿಚ್ಚುತ್ತಿತ್ತು, ಸಂಜೆಗೆ ಮಡಚುತ್ತಿತ್ತು. ಗಿಡದೊಳಗೇ ಒಂದು ಗಡಿಯಾರ! ಡಾ. ಗಿರಿರಾಜ್ ಸಿಂಗ್ ಸಿರೋಹಿ ಅನ್ನುವ ನಮ್ಮ ಸಸ್ಯವಿಜ್ಞಾನಿ 1960ರಲ್ಲೇ ಅಮೆರಿಕದ ತಂಡದ ಜೊತೆ ದಕ್ಷಿಣ ಧ್ರುವಕ್ಕೆ ಹೋಗಿ, ಭೂಮಿ ತಿರುಗುವುದಕ್ಕೆ ಎದುರು ದಿಕ್ಕಿಗೆ ಅಷ್ಟೇ ನಿಧಾನವಾಗಿ ತಿರುಗುವ ಮೇಜಿನ ಮೇಲೆ ಗಿಡ, ಪ್ರಾಣಿಗಳನ್ನಿಟ್ಟು ಇದನ್ನೇ ಪರೀಕ್ಷಿಸಿದ್ದರು ಅಂತ ನಾನು ಓದಿದ್ದು ಎಷ್ಟೋ ವರ್ಷ ಆದಮೇಲೆ. ಭೂಮಿಯ ತಿರುಗಾಟ ಇಲ್ಲದಂತೆ ಮಾಡಿದರೂ ಒಳಗಿನ ಗಡಿಯಾರ ನಡೆಯುತ್ತಲೇ ಇತ್ತು.

ನನ್ನ ಕೆಲಸಕ್ಕೂ ಆ ಖಂಡಕ್ಕೂ ನಂಟು ಬಿದ್ದದ್ದು ಓಝೋನ್‌ನಿಂದ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ಪದರ ತೆಳುವಾಗುತ್ತಿದೆ ಅಂತ ಅಲ್ಲಿನ ಹ್ಯಾಲಿ ಕೇಂದ್ರದ ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಹೇಳಿದ್ದರು, 1987ರಲ್ಲಿ ಅದನ್ನು ತಡೆಯಲು ಮಾಂಟ್ರಿಯಲ್ ಒಪ್ಪಂದ ಆಯಿತು, ಪೇಪರ್ ತುಂಬ ಅದೇ ಸುದ್ದಿ. ಫ್ರಿಜ್ಜಿನ ಗ್ಯಾಸ್ ಕಾರಣ ಅಂದಾಗ ನಾನು ಎದ್ದು ನಿಂತು ಕೇಳಿದೆ: “ಸರ್, ಫ್ರಿಜ್ ಇರೋದು ಊರಾಗ, ತೂತು ಬಿದ್ದದ್ದು ಅಲ್ಲಿ, ಯಾಕ?” ಮಾಸ್ತರ್ ಉತ್ತರ ಹುಡುಕಿ ತರಲು ಸಮಯ ತೆಗೆದುಕೊಂಡರು, ಆದರೆ ತಂದರು. ಆ ಗ್ಯಾಸ್ ಕೆಳಗಿನ ಗಾಳಿಯಲ್ಲಿ ಒಡೆಯುವುದಿಲ್ಲ, ಎಲ್ಲೆಡೆ ಹರಡಿ ಮೇಲಕ್ಕೆ ಹೋಗುತ್ತದೆ. ಧ್ರುವದ ಚಳಿಗಾಲದ ಕತ್ತಲಲ್ಲಿ ತುಂಬಾ ಎತ್ತರದಲ್ಲಿ ಹಿಮದ ಕಣಗಳ ಮೋಡ ಆಗುತ್ತದೆ. ಆ ಕಣಗಳ ಮೇಲೆ ಕ್ಲೋರಿನ್ ಚುರುಕಾಗಿ ತಯಾರಾಗಿ ಕೂರುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ಬಂದದ್ದೇ ತಡ, ಓಝೋನನ್ನು ತಿನ್ನಲು ಶುರು. ಮುಂದೆ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ರೆಫ್ರಿಜರೇಷನ್ ಕೆಲಸಕ್ಕೆ ಇಳಿದಾಗ ಓಝೋನ್ ತಿನ್ನುವ ಹಳೆ ಆರ್-12 ಗ್ಯಾಸ್ ಹೋಗಿ, ಅದನ್ನು ತಿನ್ನದ 134ಎ ಬರುತ್ತಿದ್ದ ಕಾಲ. ಜೊತೆಯವರಿಗೆ ಅದೊಂದು ಕಿರಿಕಿರಿ. ನನಗೆ ಯಾಕೆ ಅಂತ ಗೊತ್ತಿತ್ತು.

ಈಗಿನ ಮಕ್ಕಳಿಗೆ ಸ್ಮಾರ್ಟ್ ಬೋರ್ಡಿನಲ್ಲಿ ಪೆಂಗ್ವಿನ್ ತೋರಿಸುತ್ತಾರೆ, ಮಕ್ಕಳು ಖುಷಿಯಾಗಿ ನೋಡುತ್ತಾರೆ. ಆದರೆ ಪೆಂಗ್ವಿನ್ ನೋಡಿದ ಮಗುವಿಗೆ ಮಾಡಲು ಏನೂ ಇರುವುದಿಲ್ಲ, ಕೈಗೊಂದು ತೊಡಕು ಸಿಗಬೇಕು. ಈಗ ಹೇಳಲು ಸಾಮಾನು ನಮ್ಮ ಕಾಲಕ್ಕಿಂತ ಜಾಸ್ತಿ ಇದೆ. 1983-84ರಲ್ಲಿ ಭಾರತ ಅಂಟಾರ್ಕ್ಟಿಕಾದಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ ಕೇಂದ್ರ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತು ಹೋಯಿತು, ಯಾಕೆ? ಆಮೇಲಿನ ಮೈತ್ರಿಯನ್ನು ಬಂಡೆ ನೆಲದ ಮೇಲೆ ಕಟ್ಟಿದರು, ಯಾಕೆ? 2012ರ ಭಾರತಿ ಕೇಂದ್ರವನ್ನು 134 ಹಡಗು ಕಂಟೇನರ್ ಜೋಡಿಸಿ ಕಟ್ಟಿದರು. ಅಲ್ಲಿ ಇಸ್ರೋದವರು ಉಪಗ್ರಹಗಳ ಮಾಹಿತಿ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹ ಪ್ರತಿ ಸುತ್ತಿನಲ್ಲೂ ಎಲ್ಲಿ ಹಾಯುತ್ತದೆ ಅಂತ ಒಂದು ಚೆಂಡು, ಒಂದು ದಾರ ಕೊಟ್ಟರೆ ಏಳನೇ ಕ್ಲಾಸಿನವರೇ ಹೇಳುತ್ತಾರೆ. ಇಸ್ರೋದ ಮಂಗಳಾ ಮಣಿ 2016-17ರಲ್ಲಿ ಆ ಕೇಂದ್ರದಲ್ಲಿ 403 ದಿನ ಇದ್ದು ಬಂದರು, ಆಗ ಅವರಿಗೆ 56 ವಯಸ್ಸು.

ನಮ್ಮ ಶಾಲೆಯ ಈಗಿನ ವಿಜ್ಞಾನ ಶಿಕ್ಷಕರಿಗೆ ಒಂದು ಮಾತು. ನಾನು ಈಗ ಇರುವುದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ನಾಲ್ಕೈದು ಡಿಗ್ರಿ ಹಿಡಿದಿಡುತ್ತೇವೆ. ಒಂಬತ್ತನೇ ಕ್ಲಾಸಿನವರನ್ನು ಕರೆದುಕೊಂಡು ಬನ್ನಿ. ಗೋಡೆಯ ಪಫ್ ಪ್ಯಾನೆಲ್, ಅಂದರೆ ಶಾಖ ತಡೆಯುವ ಫೋಮ್ ಹಲಗೆಯ ತುಂಡು ಕೈಗೆ ಕೊಡುತ್ತೇನೆ, ಕಂಪ್ರೆಸರ್ ತೋರಿಸುತ್ತೇನೆ. ಇಲ್ಲಿ ನಾವು ಶಾಖ ಒಳಗೆ ಬರದಂತೆ ಗೋಡೆ ಕಟ್ಟಿದ್ದೇವೆ, ಭಾರತಿಯಲ್ಲಿ ಶಾಖ ಹೊರಗೆ ಹೋಗದಂತೆ ಕಟ್ಟಿದ್ದಾರೆ. ಎರಡಕ್ಕೂ ಒಂದೇ ಥರದ ಗೋಡೆ ಸಾಕಾಗುತ್ತಾ ಅಂತ ಬರುವ ಮುಂಚೆ ಬಸ್ಸಿನಲ್ಲಿ ಕೇಳಿಡಿ. ಉತ್ತರ ಮಾತ್ರ ಹೇಳಬೇಡಿ. ಸ್ವೆಟರ್ ಇಲ್ಲದವರು ಚಿಂತೆ ಮಾಡುವುದು ಬೇಡ, ಕೆಲಸದವರ ಜಾಕೆಟ್ ಇಲ್ಲಿ ಸಾಕಷ್ಟಿವೆ.