ಪುರುಷೋತ್ತಮ ಕರಂಡಕ ಮತ್ತು ಒಬ್ಬ ಹೋಟೆಲ್ ಅಣ್ಣ

ಪುಣೆಯಲ್ಲಿ ಆಗಸ್ಟ್ ಬಂತೆಂದರೆ ಕಾಲೇಜಿನ ಎಷ್ಟೋ ಹುಡುಗರು ಕ್ಲಾಸಿನಲ್ಲಿ ಕಾಣುವುದೇ ಇಲ್ಲ. ಮಳೆ, ಗಣಪತಿ, ಪುರುಷೋತ್ತಮ ಕರಂಡಕ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಢೋಲು ಪಥಕಕ್ಕೆ, ಅಂದರೆ ಗಣಪತಿ ಮೆರವಣಿಗೆಯಲ್ಲಿ ಢೋಲು ಬಾರಿಸುವ ತಂಡಕ್ಕೆ, ಸೇರಿದವರು ಸಂಜೆ ನದಿ ದಂಡೆಗೆ ಓಡುತ್ತಾರೆ. ನಾಟಕದವರು ತಾಲೀಮಿಗೆ ಖಾಲಿ ಹಾಲ್ ಹುಡುಕುತ್ತಾರೆ. ನಮ್ಮ ಕನ್ನಡ ಶಾಲೆಯಿಂದ ಹತ್ತನೇ ಕ್ಲಾಸು ಮುಗಿಸಿ ಹೋದ ನಾನು ಕೆಲವು ವರ್ಷಗಳ ನಂತರ ಎರಡನೇ ಗುಂಪಿಗೆ ಸೇರಿಕೊಂಡೆ.

ಪುರುಷೋತ್ತಮ ಕರಂಡಕ ಎಂದರೆ ಕಾಲೇಜುಗಳ ಏಕಾಂಕ ನಾಟಕ ಸ್ಪರ್ಧೆ, ಗೆದ್ದವರಿಗೆ ಕೊಡುವ ಟ್ರೋಫಿಯ ಹೆಸರೇ ಸ್ಪರ್ಧೆಗೂ. ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆ 1963ರಿಂದ ನಡೆಸಿಕೊಂಡು ಬಂದಿದೆ. ನಡೆಯುವುದು ಸದಾಶಿವ ಪೇಠೆಯ ಭರತ ನಾಟ್ಯ ಮಂದಿರದಲ್ಲಿ, ಮರಾಠಿಯಲ್ಲಿ. ಇಲ್ಲಿ ದೊಡ್ಡ ಸೆಟ್ಟು, ಜರಿ ಬಟ್ಟೆ ನೋಡಿ ಯಾರೂ ಬೆರಗಾಗುವುದಿಲ್ಲ. ಬರವಣಿಗೆ ಹೇಗಿದೆ, ಅಭಿನಯ ಹೇಗಿದೆ, ನಿರ್ದೇಶಕ ಏನು ಮಾಡಿದ್ದಾನೆ ಎಂಬುದೇ ಲೆಕ್ಕ. ದುಡ್ಡಿಲ್ಲದ ಕಾಲೇಜಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಮ್ಮದೂ ಅಂಥದ್ದೇ ಕಾಲೇಜು. ನಾಲ್ಕು ಬೆಂಚು ಜೋಡಿಸಿದರೆ ಹೋಟೆಲು, ಅದನ್ನೇ ತಿರುಗಿಸಿಟ್ಟರೆ ಬಸ್ ಸ್ಟಾಂಡು.

ಹೋಟೆಲು ಯಾಕೆಂದರೆ ಆ ವರ್ಷ ನಮ್ಮ ನಾಟಕದಲ್ಲಿ ಒಬ್ಬ ಉಡುಪಿ ಹೋಟೆಲಿನ ಮಾಲೀಕ ಇದ್ದ. ಪುಣೆ, ಮುಂಬೈಗಳಲ್ಲಿ ಅವನಿಗೆ ಬೇರೆ ಹೆಸರು ಬೇಡ, ಎಲ್ಲರಿಗೂ ಅವನು ‘ಅಣ್ಣಾ’. ನಾನು ಕನ್ನಡದವನು, ನನ್ನ ಮರಾಠಿಯಲ್ಲಿ ಗಂಡು ಹೆಣ್ಣು ನಪುಂಸಕ ಎಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ಪಾತ್ರ ಸೀದಾ ನನ್ನ ತಲೆಗೆ ಬಂತು. ಬರೆದದ್ದು ನೋಡಿದರೆ, ಪಾತ್ರಕ್ಕೆ ಇದ್ದ ಮಾತೆಲ್ಲ ‘ಅಯ್ಯಯ್ಯೋ’ ಮಾತ್ರ. ಬರಬೇಕು, ಅಯ್ಯಯ್ಯೋ ಅನ್ನಬೇಕು, ಜನ ನಗಬೇಕು.

ನನಗೆ ಸಿಟ್ಟು ಬಂತು. ಜಗಳ ಮಾಡಲಿಲ್ಲ. ನಿರ್ದೇಶಕನಿಗೆ ಹೇಳಿದೆ: ಇವನು ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಿಟ್ಟು ನೋಡುವ ಮನುಷ್ಯ, ಇವನಿಗೆ ನಿಜವಾದ ಮಾತು ಕೊಡೋಣ, ಅದೂ ಕನ್ನಡದಲ್ಲಿ. ಅವನು ಕೇಳಿದ, “ಜನಕ್ಕೆ ಅರ್ಥ ಆಗಬೇಕಲ್ಲ?” ಬಿಲ್ಲು ಕೇಳುವವನ ಮುಖ ನೋಡಿದರೆ ಸಾಕು, ಯಾವ ಭಾಷೆಯಾದರೇನು ಅಂದೆ. ಒಪ್ಪಿದ.

ಆಮೇಲೆ ಹೊಸ ತೊಂದರೆ. ನಮ್ಮ ಮನೆಯದು ವಿಜಾಪುರದ ಕನ್ನಡ. ಅಪ್ಪ ಪುಣೆ ಪಕ್ಕದ ಭೋಸರಿಯ ಕಾರ್ಖಾನೆಗೆಂದು ಬಂದವರು. ನಾನು ಬಾಯಿ ಬಿಟ್ಟರೆ ‘ಏನ್ ಬೇಕ್ರಿ’ ಅಂತ ಬರುತ್ತಿತ್ತು. ಉಡುಪಿ ಕಡೆಯವನು ಹಾಗೆ ಮಾತಾಡುತ್ತಾನಾ? ಕೊನೆಗೆ ಪುಣೆಯ ಡೆಕ್ಕನ್ ಬಡಾವಣೆ ಹತ್ತಿರದ ಹೋಟೆಲೊಂದರಲ್ಲಿ ಕುಂದಾಪುರದ ಅಡುಗೆಯವರನ್ನು ಹಿಡಿದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಹೋಗಿ ಕೂರುತ್ತಿದ್ದೆ. ‘ಹ್ವಾಯ್, ಎಂತ ಬೇಕ್ ಮಾರಾಯ್ರೆ’ ಎನ್ನುವುದನ್ನು ಅವರು ಎಷ್ಟು ಸಲ ಹೇಳಿಸಿದರೋ. ಮಾತಿಗಿಂತ ಜಾಸ್ತಿ ಅವರು ಕಲಿಸಿದ್ದು ಹೆಗಲ ಮೇಲೆ ಟವೆಲ್ ಹಾಕುವ ರೀತಿ. ಅದನ್ನು ಬರೀ ತಮಾಷೆಗೆ ಹಾಕಬೇಡ, ಅದರಲ್ಲಿ ಕೈ ಒರೆಸಬೇಕು ಎಂದರು.

ಸ್ಪರ್ಧೆಯ ದಿನ ಭರತದ ಹೊರಗಿನ ಗದ್ದಲ ನೋಡಬೇಕು. ‘ಅರೇ ಆವಾಜ್ ಕುಣಾಚಾ?’ (ದನಿ ಯಾರದ್ದು?) ಎಂದು ಒಬ್ಬ ಕೂಗಿದರೆ ಇಡೀ ಗುಂಪು ಕಾಲೇಜಿನ ಹೆಸರು ಹೇಳಿ ಉತ್ತರ ಕೊಡುತ್ತದೆ. ಗಂಟಲು ಹರಿಯುವವರೆಗೂ ಕೂಗುತ್ತಾರೆ. ಸ್ಟೇಜಿನ ಮೇಲೆ ಮಾತಾಡಬೇಕಾದವರೂ ಕೂಗುತ್ತಾರೆ, ಅದೇ ತಮಾಷೆ. ನಟ ಮೋಹನ್ ಆಗಾಶೆ, ನಿರ್ದೇಶಕ ಜಬ್ಬಾರ್ ಪಟೇಲ್ ಅಂಥವರು ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಿಕೆ ಓದುತ್ತಲೇ ನಾಟಕ ಹಚ್ಚಿಕೊಂಡವರು. ಆ ಗದ್ದಲದಲ್ಲಿ ನಿಂತರೆ ಅದು ಹೇಗೆ ಸಾಧ್ಯವಾಯಿತು ಅಂತ ಗೊತ್ತಾಗುತ್ತದೆ.

ನಮಗೆ ಬಹುಮಾನ ಬರಲಿಲ್ಲ. ನನ್ನ ಮೊದಲ ಮಾತಿಗೆ ಹಿಂದಿನ ಸಾಲಿನಿಂದ ಯಾರೋ ‘ಹ್ವಾಯ್’ ಎಂದು ತಿರುಗಿ ಕೂಗಿದರು. ಅದು ಆ ಅಡುಗೆಯವರೇ. ರಜೆ ಹಾಕಿ ಬಂದಿದ್ದರು.

ಮುಂದೆ ಗಣೇಶಖಿಂಡದ ಪುಣೆ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ.ಗೆ ಹೋದೆ. ಅಲ್ಲಿ 1987ರಲ್ಲಿ ಶುರುವಾದ ಲಲಿತ ಕಲಾ ಕೇಂದ್ರ ಇದೆ. ಸಂಗೀತ, ನೃತ್ಯ, ನಾಟಕ ಮೂರನ್ನೂ ಡಿಗ್ರಿಯಾಗಿ ಓದಿಸುತ್ತಾರೆ. ನಾನಿದ್ದಾಗ ನಾಟಕಕಾರ ಸತೀಶ್ ಆಳೇಕರ್ ಅದರ ಮುಖ್ಯಸ್ಥರು. ಕೇಂದ್ರದ ಅಂಗಣಮಂಚದಲ್ಲಿ ಸಂಜೆ ಏನಾದರೂ ಇದ್ದರೆ ಲ್ಯಾಬಿನಿಂದ ಸುಮ್ನೆ ಹೋಗಿ ಕೂರಬಹುದಿತ್ತು. ಕೆಮಿಸ್ಟ್ರಿಯವನು ಇಲ್ಲಿ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಇನ್ನು ಡಿಸೆಂಬರಿನಲ್ಲಿ ಸವಾಯಿ ಸಂಗೀತೋತ್ಸವ. ಇದು ವಿಶ್ವವಿದ್ಯಾಲಯದ್ದಲ್ಲ, ಆದರೂ ನಮ್ಮ ಹಾಸ್ಟೆಲ್ಲಿನ ಅರ್ಧ ಜನ ಅಲ್ಲೇ ಇರುತ್ತಿದ್ದರು. ಕುಂದಗೋಳದ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿಗೆ ಅವರ ಶಿಷ್ಯ, ಗದಗದ ಭೀಮಸೇನ ಜೋಶಿ 1953ರಲ್ಲಿ ಆರಂಭಿಸಿದ ಉತ್ಸವ. ಆಗ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. ವಿದ್ಯಾರ್ಥಿಗಳದ್ದು ನೆಲದ ಮೇಲಿನ ಬೈಠಕ್ ಟಿಕೆಟ್ಟು, ಜೊತೆಗೆ ಶಾಲು, ಚಹಾ, ವಡಾಪಾವ್. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೆಯ ರೆಕಾರ್ಡಿನ ಭೈರವಿ ಹಾಕುತ್ತಾರೆ. ಇವರಿಬ್ಬರೂ ನಮ್ಮ ಧಾರವಾಡ ಸೀಮೆಯವರು ಎಂದು ಮರಾಠಿ ಗೆಳೆಯರಿಗೆ ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಅವರು ಪ್ರತಿ ವರ್ಷ, “ಗೊತ್ತಪ್ಪಾ, ಕೂತ್ಕೋ” ಅನ್ನುತ್ತಿದ್ದರು.

ಹಳೇ ನಾಟಕ ತಂಡದ ವಾಟ್ಸಾಪ್ ಗುಂಪು ಇನ್ನೂ ಇದೆ. 2022ರಲ್ಲಿ ಅಲ್ಲಿ ದೊಡ್ಡ ಜಗಳ ಆಯಿತು. ಆ ವರ್ಷ ಯಾವ ನಾಟಕವೂ ಆ ಮಟ್ಟಕ್ಕೆ ಬಂದಿಲ್ಲ ಎಂದು ಪರೀಕ್ಷಕರು ಕರಂಡಕವನ್ನು ಯಾರಿಗೂ ಕೊಡಲಿಲ್ಲ. ಹುಡುಗರು ತಿಂಗಳುಗಟ್ಟಲೆ ಬೆವರು ಸುರಿಸಿರುತ್ತಾರೆ, ಇದು ಅನ್ಯಾಯ ಎಂದು ನಮ್ಮ ನಿರ್ದೇಶಕ ಉದ್ದುದ್ದ ಬರೆದ. ನಾನು ಪರೀಕ್ಷಕರ ಪರ. ಬೆವರಿಗೇ ಬಹುಮಾನ ಕೊಡುವುದಾದರೆ ನಾವು ಆಡಿದ ವರ್ಷ ನಮಗೂ ಬರಬೇಕಿತ್ತಲ್ವಾ? ಹಾಗಂತ ಬರೆದೆ. ಅವನು ಇವತ್ತಿಗೂ ಒಪ್ಪಿಲ್ಲ. ಪ್ರತಿ ಆಗಸ್ಟಿಗೆ ಈ ಮಾತು ಮತ್ತೆ ಎತ್ತುತ್ತಾನೆ.